ಟೋಪಿ ಬದಲಾಯ್ತು, ಠಾಣೆ ಬದಲಾಗುತ್ತಾ?

"ಪೊಲೀಸರಿಗೆ ಹೊಸ ಟೋಪಿ ಕೊಟ್ಟರು, ಮನೆ ಮನೆಗೆ ಪೊಲೀಸ್ ಬರ್ತಾರೆ ಅಂದರು. ಇದೆಲ್ಲ ನಿಜವಾದ ಸುಧಾರಣೆನಾ, ಸುಮ್ನೆ ತೋರಿಕೆನಾ?" ಅಂತ ಕೇಳಿದ್ದೀರಿ.

ಟೋಪಿಯನ್ನು ತೋರಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಪ್ಪ ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರ್ ಆದವರು. ಒಂದು ಬದಿ ಮೇಲಕ್ಕೆ ಮಡಚಿದ ಆ ಸ್ಲೋಚ್ ಹ್ಯಾಟ್ ನಮ್ಮ ಕ್ವಾರ್ಟರ್ಸ್‌ನ ಬಾಗಿಲ ಹಿಂದಿನ ಮೊಳೆಯಲ್ಲಿ ವರ್ಷಗಟ್ಟಲೆ ನೇತಾಡಿದೆ. ಮಳೆಗೆ ನೆನೆದರೆ ಭಾರ. ಬಿಸಿಲಿಗೆ ತಲೆ ಬೇಯುತ್ತದೆ. ಕಳ್ಳನ ಹಿಂದೆ ಓಡಿದರೆ ಕಳ್ಳನಿಗಿಂತ ಮೊದಲು ಟೋಪಿ ಬೀಳುತ್ತಿತ್ತು. ಅಧಿಕಾರಿಗಳಿಗೆ ಪೀಕ್ ಕ್ಯಾಪ್, ಕಾನ್ಸ್‌ಟೇಬಲ್‌ಗಳಿಗೆ ಇದು. ಯಾರು ಸಾಹೇಬರು, ಯಾರು ಆಳು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಕಾನ್ಸ್‌ಟೇಬಲ್‌ಗಳಿಗೂ ನೀಲಿ ಪೀಕ್ ಕ್ಯಾಪ್ ಬಂತು. ಅಪ್ಪ ಟಿವಿಯಲ್ಲಿ ಅದನ್ನು ನೋಡಿ, "ನಮಗೆ ಮೂವತ್ತು ವರ್ಷ ಲೇಟಾಯ್ತು" ಅಂದು ಚಾನೆಲ್ ಬದಲಾಯಿಸಿದರು.

ಆದರೆ ನಿಮ್ಮ ದೂರನ್ನು ಬರೆದುಕೊಳ್ಳುವುದು ಟೋಪಿ ಅಲ್ಲ, ಅಲ್ವಾ.

ನನ್ನದೇ ಕಥೆ ಹೇಳುತ್ತೇನೆ. ಠಾಣೆ ಯಾವುದು ಅಂತ ಕೇಳಬೇಡಿ. ಕಳೆದ ವರ್ಷ ನಮ್ಮ ತೋಟದ ಬೋರ್‌ವೆಲ್ ಕೇಬಲ್ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋದರು. ಒಳಗಿನ ತಾಮ್ರಕ್ಕಾಗಿ. ಹದಿನೆಂಟು ಸಾವಿರದ ಮಾಲು. ಅರ್ಜಿ ಬರೆದುಕೊಂಡು ಹೋದೆ. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಓದಿ, "ಕೇಬಲ್ ತಾನೇ? ನಿಮ್ಮ ಕಡೆ ದಿನಾ ಇದೇ ಆಯ್ತು. ಅರ್ಜಿ ಇಟ್ಟು ಹೋಗಿ, ನೋಡ್ತೀವಿ" ಅಂದರು. ಎಫ್‌ಐಆರ್ ಕೇಳಿದ್ದಕ್ಕೆ ಅರ್ಜಿ ತೆಗೆದುಕೊಂಡಿದ್ದೇವೆ ಅಂತ ಒಂದು ಹಿಂಬರಹ ಕೊಟ್ಟು ಕಳಿಸಿದರು. ಪೊಲೀಸಪ್ಪನ ಮಗನಿಗೇ ಈ ಗತಿ!

ಮನೆಗೆ ಬಂದು ಅಪ್ಪನ ಮೇಲೆ ರೇಗಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅವನು ಎಫ್‌ಐಆರ್ ಹಾಕಿದ್ರೆ ಠಾಣೆಯ ಕಳವಿನ ಲೆಕ್ಕ ಒಂದು ಜಾಸ್ತಿ ಆಗುತ್ತೆ. ತಿಂಗಳ ಮೀಟಿಂಗ್‌ನಲ್ಲಿ ಇನ್‌ಸ್ಪೆಕ್ಟರ್‌ಗೆ ಮಂಗಳಾರತಿ. ಹಾಕದೇ ಇದ್ರೆ ಕೇಳೋರು ಯಾರು?" ಅಂದರು. ನನ್ನ ಪ್ರಕಾರ ಸುಧಾರಣೆ ಅನ್ನುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಇನ್‌ಸ್ಪೆಕ್ಟರ್ ಯಾರಿಗೆ ಹೆದರಬೇಕು?

ಸದ್ಯಕ್ಕೆ ಅವರು ಹೆದರುವುದು ವರ್ಗಾವಣೆಗೆ. 'ಮಿನಿಟ್' ಅನ್ನುವ ಮಾತು ಕೇಳಿರಬೇಕು. ಇಂಥವರನ್ನು ನನ್ನ ಕ್ಷೇತ್ರದ ಠಾಣೆಗೆ ಹಾಕಿ ಅಂತ ಶಾಸಕರು ಕೊಡುವ ಶಿಫಾರಸು ಪತ್ರ. ಅದರಿಂದ ಬಂದವನು ಅದನ್ನು ಕೊಟ್ಟವರ ಮಾತು ಕೇಳದೆ ಇರುತ್ತಾನಾ? ಕೇಳದಿದ್ದರೆ ಆರು ತಿಂಗಳಲ್ಲಿ ಯಾವುದೋ ಮೂಲೆಯ ಠಾಣೆಯ ಅಧಿಕಾರವಿಲ್ಲದ ನಾನ್ ಎಕ್ಸಿಕ್ಯೂಟಿವ್ ಹುದ್ದೆ. ಮಕ್ಕಳ ಶಾಲೆ, ಮನೆ ಸಾಮಾನು ಎಲ್ಲ ಕಟ್ಟಿಕೊಂಡು ಹೊರಡಬೇಕು. ನಾನು ಏಳನೇ ಕ್ಲಾಸ್ ಮುಗಿಸುವಷ್ಟರಲ್ಲಿ ನಾಲ್ಕು ಶಾಲೆ ನೋಡಿದ್ದೆ. ಅಪ್ಪ ದೊಡ್ಡ ಅಧಿಕಾರಿ ಕೂಡ ಅಲ್ಲ.

ಈ ರೋಗವನ್ನು ಯಾರೂ ಕಂಡುಹಿಡಿದಿಲ್ಲ ಅಂತಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ಧರ್ಮವೀರ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಕೂತು, 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು. ವರದಿಗಳಿಗೆ ಧೂಳು ಹಿಡಿಯಿತು. 1996ರಲ್ಲಿ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ ಇವನ್ನು ಜಾರಿ ಮಾಡಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಅದರಲ್ಲಿ ಏಳು ನಿರ್ದೇಶನಗಳಿದ್ದವು. ಠಾಣಾಧಿಕಾರಿಗೂ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಎಸ್‌ಪಿಗೂ ಕನಿಷ್ಠ ಎರಡು ವರ್ಷ ಅದೇ ಜಾಗ, ವರ್ಗಾವಣೆ ನೋಡಿಕೊಳ್ಳಲು ಇಲಾಖೆಯೊಳಗೇ ಒಂದು ಮಂಡಳಿ, ತನಿಖೆಗೆ ಬೇರೆ ಸಿಬ್ಬಂದಿ, ಪೊಲೀಸರ ಮೇಲೇ ದೂರಿದ್ದರೆ ಕೇಳಲು ಒಂದು ಪ್ರಾಧಿಕಾರ. ನಮಗೆ ನಿಮಗೆ ಬೇಕಾದವು ಇವೇ.

ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನೆಲ್ಲ ಸೇರಿಸಿತು. ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದರೆ ಕೋರ್ಟ್ ಹೇಳಿದ ಎರಡು ವರ್ಷ ನಮ್ಮಲ್ಲಿ ಬಹಳ ಕಾಲ ಒಂದೇ ವರ್ಷ ಆಗಿತ್ತು. ಅದರ ಜೊತೆ ವಿನಾಯಿತಿಗಳು ಬೇರೆ. ವಿನಾಯಿತಿ ಅನ್ನುವ ಹಿಂಬಾಗಿಲು ಇದ್ದರೆ ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೇನು?

'ಮನೆ ಮನೆಗೆ ಪೊಲೀಸ್' ಬಗ್ಗೆ ಕೇಳಿದ್ದೀರಿ. 2025ರ ಜುಲೈನಲ್ಲಿ ಶುರುವಾಯಿತು. ಬೀಟ್ ಪೊಲೀಸರು, ಅಂದರೆ ಒಂದೊಂದು ಏರಿಯಾಕ್ಕೆ ಗೊತ್ತುಮಾಡಿದ ಪೊಲೀಸರು, ಮನೆಗೇ ಬಂದು ಪರಿಚಯ ಮಾಡಿಕೊಂಡು ಕಷ್ಟ ಕೇಳುವುದು. ಯೋಚನೆ ನನಗೆ ಇಷ್ಟ. ಅಪ್ಪನಿಗೆ ಬೀಟ್‌ನ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತಿತ್ತು. ತೊಂದರೆ ಏನೆಂದರೆ, ಸೋಮವಾರ ಮಂತ್ರಿಗಳ ಬಂದೋಬಸ್ತ್, ಮಂಗಳವಾರ ಕೋರ್ಟ್ ಡ್ಯೂಟಿ, ಬುಧವಾರ ಜಾತ್ರೆ, ಗುರುವಾರ ಪ್ರತಿಭಟನೆ. ಮನೆ ಮನೆಗೆ ಹೋಗೋದು ಯಾವಾಗ? ತಮ್ಮ ಮನೆಗೆ ಹೋಗೋಕೇ ಟೈಮ್ ಇರಲ್ಲ. 2016ರ ಜೂನ್ 4ಕ್ಕೆ ರಾಜ್ಯದ ಕಾನ್ಸ್‌ಟೇಬಲ್‌ಗಳು ಸಾಮೂಹಿಕ ರಜೆ ಹಾಕುತ್ತೇವೆ ಅಂತ ಎದ್ದಿದ್ದು ನೆನಪಿದೆಯಾ? ರಜೆ ಇಲ್ಲ, ಸಂಬಳ ಸಾಲದು, ಮೇಲಿನವರ ಬೈಗುಳ ಬೇರೆ ಅನ್ನುವುದೇ ಗೋಳು. ಸರ್ಕಾರ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಹಾಕಿ ತಡೆಯಿತು. ಆಮೇಲೆ ಪೊಲೀಸರ ಸಂಬಳದ ಬಗ್ಗೆ ಐಪಿಎಸ್ ಅಧಿಕಾರಿ ಔರಾದ್ಕರ್ ಅವರ ವರದಿ ಬಂತು, 2019ರಲ್ಲಿ ಸಂಬಳ ಸ್ವಲ್ಪ ಏರಿತು. ಡ್ಯೂಟಿಯ ಗಂಟೆ ಇಳಿಯಲಿಲ್ಲ. ನಿದ್ದೆಗೆಟ್ಟವನ ಹತ್ತಿರ ಜನಸ್ನೇಹ ಕೇಳುವುದು ಕಷ್ಟ. ಇದು ಮಗನ ಪಕ್ಷಪಾತ ಅನ್ನಿಸಿದರೆ ಅನ್ನಿಸಲಿ.

ಇನ್ನು ಕೇಬಲ್ ವಿಷಯ ಮುಗಿಸಿಬಿಡುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಅಂತ ದೂರಿನಲ್ಲೇ ಗೊತ್ತಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗದಲ್ಲಿ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೋಡಿ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ನಾನು ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಜೊತೆಗೆ ಆ ಹಿಂಬರಹದ ಜೆರಾಕ್ಸ್ ಇಟ್ಟೆ. ಒಂಬತ್ತನೇ ದಿನ ಠಾಣೆಯಿಂದಲೇ ಫೋನ್ ಬಂತು, "ಬಂದು ಸಹಿ ಹಾಕಿ ಸಾರ್" ಅಂತ. ಅವತ್ತು ಮೊದಲ ಸಲ 'ಸಾರ್' ಆದೆ.

ಕೇಬಲ್ ಸಿಗಲಿಲ್ಲ. ಮುಂದಿನ ತಿಂಗಳು ಪಕ್ಕದ ತೋಟದವರದ್ದೂ ಹೋಯಿತು. ಅವರು ಠಾಣೆಗೆ ಹೋದರೆ ರೈಟರ್ ಏನೂ ಮಾತಾಡದೆ ಎಫ್‌ಐಆರ್‌ಗೆ ಕೂತರಂತೆ.