ಅಪ್ಪ ಹಾರಿದ ಬಂಡೆ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಿದ್ದೆ.)

ಆ ತಂದೆ ತಾಯಿ, ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಬಳಿ ಬಂದದ್ದು ಮಗಳ ಹೊಟ್ಟೆನೋವಿಗಾಗಿ. ಹುಡುಗಿಗೆ ಹನ್ನೊಂದು ವರ್ಷ. ಮಕ್ಕಳ ವೈದ್ಯರು ಎರಡು ಸಲ ಪರೀಕ್ಷೆ ಮಾಡಿ, ದೇಹದಲ್ಲಿ ಯಾವ ತೊಂದರೆಯೂ ಕಾಣುತ್ತಿಲ್ಲ ಎಂದು ಇತ್ತ ಕಳುಹಿಸಿದ್ದರು. ಬೇಸಿಗೆ ಶಿಬಿರದ ಅರ್ಜಿ ಮನೆಗೆ ಬಂದ ವಾರದಿಂದಲೇ ನೋವು ಶುರುವಾಗಿದೆ ಎಂಬುದನ್ನು ಗಮನಿಸಿದವರು ತಾಯಿ. ಹಿಂದಿನ ವರ್ಷ ಹುಡುಗಿ ಅದೇ ಶಿಬಿರದಲ್ಲಿ ಎರಡು ವಾರ ಇದ್ದು ಬಂದಿದ್ದಳು. ತುಂಬಾ ಚೆನ್ನಾಗಿತ್ತು ಎಂದೂ ಹೇಳಿದ್ದಳು. ಬಾಲ್ಯದಲ್ಲಿ ತಂದೆ ಮೂರು ಬೇಸಿಗೆಗಳನ್ನು ಕಳೆದದ್ದೂ ಅಲ್ಲಿಯೇ.

ಮೊದಲ ಭೇಟಿಯಲ್ಲಿ ತಂದೆಯೇ ಹೆಚ್ಚು ಮಾತನಾಡಿದರು. ಕೆರೆಯ ಅಂಚಿನ ಬಂಡೆ, ಅದಕ್ಕೆ ಹತ್ತಲು ಆರು ಮೆಟ್ಟಿಲು, ಕೆಳಗೆ ನೀರಿನಲ್ಲಿ ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ ಶಿಕ್ಷಕರು, ಕೊನೆಯ ರಾತ್ರಿಯ ಶಿಬಿರಾಗ್ನಿ. ಅವರು ಬೆಳೆದ ಮನೆಯಲ್ಲಿ ದಿನವೂ ಜಗಳವಿತ್ತು. ಯಾರೂ ಯಾರ ಮೇಲೂ ಕಿರುಚದ ಜಾಗವೊಂದು ಇರುತ್ತದೆ ಎಂದು ಅವರಿಗೆ ಮೊದಲು ಗೊತ್ತಾದದ್ದು ಆ ಶಿಬಿರದಲ್ಲಿ. "ಆ ಬಂಡೆಯಿಂದ ಹಾರಿದ ದಿನ ನನಗೆ ನನ್ನ ಮೇಲೆ ನಂಬಿಕೆ ಬಂತು ಮೇಡಂ. ಅದನ್ನೇ ಅವಳಿಗೂ ಕೊಡಬೇಕು ಅಂತ," ಎಂದರು. ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಇಂತಹ ಪ್ರಕರಣಗಳಲ್ಲಿ ತಂದೆಯನ್ನು ಹಟಮಾರಿ ಎಂದು ಬದಿಗೆ ಸರಿಸುವುದು ಸುಲಭ. ಹಾಗೆ ಮಾಡಿದರೆ ಅರ್ಧ ಪ್ರಕರಣ ಕೈಬಿಟ್ಟಂತೆ.

ಮಗುವೊಂದು ಒಂದು ಜಾಗಕ್ಕೆ ಮತ್ತೆ ಹೋಗಲು ಒಪ್ಪದಿದ್ದಾಗ ಮೊದಲು ನೋಡಬೇಕಾದದ್ದು ಸುರಕ್ಷತೆಯನ್ನು. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು, ಉತ್ತರವನ್ನು ನಾನೇ ಬಾಯಿಗೆ ಹಾಕದಂತೆ ಎಚ್ಚರ ವಹಿಸಿ ಕೇಳಿದೆ: ಅಲ್ಲಿ ಯಾರ ಜೊತೆ ಇರಲು ಇಷ್ಟವಾಗುತ್ತಿತ್ತು, ಯಾರ ಜೊತೆ ಇರಲು ಇಷ್ಟವಾಗುತ್ತಿರಲಿಲ್ಲ, ರಾತ್ರಿ ಹೇಗಿರುತ್ತಿತ್ತು, ಯಾರಿಗೂ ಹೇಳಬೇಡ ಎಂದು ಯಾರಾದರೂ ಏನಾದರೂ ಹೇಳಿದ್ದರೇ. ಯಾರೂ ಅವಳಿಗೆ ಕೇಡು ಮಾಡಿರಲಿಲ್ಲ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಲೇಬಾರದು. ತನ್ನ ಕಾಲದಲ್ಲಿ ಚೆನ್ನಾಗಿತ್ತು ಎಂಬ ಪೋಷಕರ ಭರವಸೆಯೂ ಇದಕ್ಕೆ ಬದಲಿಯಾಗದು.

ಮುಂದೆ ನಾನು ತಪ್ಪಿದೆ. ಇದು ಮನೆ ಬಿಟ್ಟಿರಲಾಗದ ಸಂಕಟವೇ ಇರಬೇಕೆಂದು ತೀರ್ಮಾನಿಸಿ ಎರಡು ಭೇಟಿಗಳನ್ನು ಅದರಲ್ಲೇ ಕಳೆದೆ. ಹುಡುಗಿ ಕೇಳಿದ್ದಕ್ಕೆಲ್ಲ ವಿನಯದಿಂದ ತಲೆಯಾಡಿಸಿದಳು, ಅಷ್ಟೆ. ಮೂರನೆಯ ಸಲ ಮಾತು ಬಿಟ್ಟು, ಶಿಬಿರದ ನಕ್ಷೆ ಬರೆದು ತೋರಿಸುತ್ತೀಯಾ ಎಂದೆ. ಮಲಗುವ ಕೋಣೆ, ಅದರ ಒಂಬತ್ತು ಮಂಚಗಳು, ಮೈದಾನ, ಕೆರೆಗೆ ಇಳಿಯುವ ದಾರಿ, ದಾರಿಯಲ್ಲಿ ಬಿದ್ದ ಮರ, ಎಲ್ಲವನ್ನೂ ಒಪ್ಪವಾಗಿ ಬರೆದಳು. ಕೆರೆಯ ಒಂದು ಅಂಚಿನಲ್ಲಿ ಮಾತ್ರ ಕಾಗದ ಖಾಲಿ ಉಳಿಯಿತು. ಇಲ್ಲಿ ಏನಿದೆ ಎಂದು ಕೇಳಿದೆ. ಪೆನ್ಸಿಲ್ ಅನ್ನು ಅಲ್ಲಿ ಊರಿದಳು, ಮೊನೆ ಮುರಿಯಿತು.

"ಅಲ್ಲಿರುವುದು ಅಪ್ಪನ ಬಂಡೆ," ಎಂದಳು.

ಮಿಕ್ಕದ್ದು ಒಂದೊಂದಾಗಿ ಹೊರಬಂತು. ತಂದೆ ಮೊದಲೇ ಕರೆ ಮಾಡಿ, ತಾವು ಮಲಗುತ್ತಿದ್ದ ಕಿಟಕಿಯ ಪಕ್ಕದ ಮಂಚವನ್ನೇ ಅವಳಿಗೆ ಕೊಡಿಸಿದ್ದರು. ಹಳೆಯ ಮೇಲ್ವಿಚಾರಕರೊಬ್ಬರು ಮೊದಲ ದಿನವೇ ಎಲ್ಲರೆದುರು ಅವಳನ್ನು ಅಪ್ಪನ ಹೆಸರು ಹೇಳಿ ಪರಿಚಯಿಸಿದ್ದರು. ಅಲ್ಲಿಂದ ಅವಳಿಗೆ ಸ್ವಂತ ಹೆಸರೇ ಇರಲಿಲ್ಲ. ರಾತ್ರಿ ದೀಪ ಆರಿಸಿ ನಕ್ಷತ್ರ ತೋರಿಸುವಾಗ ಉಳಿದ ಮಕ್ಕಳು ಬೆರಗಿನಿಂದ ಕೂಗಿದರೆ, ಇವಳಿಗೆ ಈಗ ದೀಪ ಆರುತ್ತದೆ ಎಂಬುದು ಮುಂಚೆಯೇ ಗೊತ್ತು. ಅಪ್ಪ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಒಂಬತ್ತನೆಯ ದಿನ ಅವಳು ಬಂಡೆ ಹತ್ತಿದಳು, ಮೂರು ಸಲ. ಮೂರು ಸಲವೂ ಮೆಟ್ಟಿಲಿಳಿದು ವಾಪಸು ಬಂದಳು. ಯಾರೂ ಗೇಲಿ ಮಾಡಲಿಲ್ಲ. ಕೊನೆಯ ದಿನ ಕರೆದೊಯ್ಯಲು ಬಂದ ಅಪ್ಪ, ಅವಳ ಬೆನ್ನ ಮೇಲಿನ ಚೀಲ ತೆಗೆದುಕೊಳ್ಳುವುದಕ್ಕೂ ಮೊದಲು "ಹಾರಿದೆಯಾ?" ಎಂದು ಕೇಳಿದರು. ಅವಳು "ಹಾರಿದೆ" ಎಂದಳು. ಅವರು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಅಂದು ಸಂಜೆ ಹಳೆಯ ಗೆಳೆಯರಿಗೆಲ್ಲ ಕರೆ ಮಾಡಿ ಹೇಳಿದರು. ಪಕ್ಕದ ಕೋಣೆಯಿಂದ ಅವಳು ಪ್ರತಿಯೊಂದು ಕರೆಯನ್ನೂ ಕೇಳಿಸಿಕೊಂಡಳು.

ಆ ಒಂದು ಮಾತನ್ನು ಹತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ಮತ್ತೆ ಶಿಬಿರಕ್ಕೆ ಹೋದರೆ ಸುಳ್ಳು ಬಯಲಾಗುತ್ತದೆ, ಇಲ್ಲವೇ ಅದನ್ನು ನಿಜ ಮಾಡಲು ಹಾರಬೇಕಾಗುತ್ತದೆ. ನೋವು ಬಾರದೆ ಇನ್ನೇನಾದೀತು?

ಗುಟ್ಟು ಅವಳದು. ನಾನು ಅದನ್ನು ಹೊರಹಾಕುವಂತಿರಲಿಲ್ಲ. ಏನು ಮಾಡೋಣ ಎಂದು ಅವಳನ್ನೇ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಅಪ್ಪ ಹೇಗೆ ಹಾರಿದರು ಅಂತ ನೀವು ಕೇಳಬಹುದು, ನನ್ನ ವಿಷಯ ಹೇಳಬಾರದು," ಎಂದಳು.

ತಂದೆಯನ್ನು ಒಬ್ಬರನ್ನೇ ಕರೆದು, ಯಾವ ವರ್ಷ ಹಾರಿದಿರಿ ಎಂದು ಕೇಳಿದೆ. "ಮೊದಲ ವರ್ಷವೇ," ಎಂದರು ತಡವಿಲ್ಲದೆ. ಆ ಮೊದಲ ವರ್ಷವನ್ನು ದಿನದಿಂದ ದಿನಕ್ಕೆ ಹೇಳಿ ಎಂದಾಗ ಎರಡನೆಯ ದಿನಕ್ಕೇ ತಡವರಿಸಿದರು. ಅಂದಿನ ಜೊತೆಗಾರರೊಬ್ಬರನ್ನು ಕೇಳಿ ನೋಡುವುದಾಗಿ ಹೇಳಿ ಹೋದರು. ಮುಂದಿನ ವಾರ ಬಂದಾಗ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಹಾರಿದ್ದು ಮೂರನೆಯ ವರ್ಷ ಮೇಡಂ. ಮೊದಲ ವರ್ಷ ನಾನು ನೀರಿಗೇ ಇಳಿದಿರಲಿಲ್ಲವಂತೆ. ದಡದಲ್ಲಿ ಕೂತು ಎಲ್ಲರ ಟವೆಲ್ ಕಾಯುತ್ತಿದ್ದೆನಂತೆ."

ಅವರು ಸುಳ್ಳು ಹೇಳಿರಲಿಲ್ಲ. ನೆನಪಿನ ಕೆಲಸವೇ ಹಾಗೆ. ಹಳೆಯ ಘಟನೆಗಳಿಗೆ ಅಂಟಿಕೊಂಡ ಕಹಿ, ಸಿಹಿಗಿಂತ ಬೇಗ ಮಾಸುತ್ತದೆ ಎಂಬುದು ಮನೋವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಮೂರು ಬೇಸಿಗೆಗಳು ಮಡಚಿಕೊಂಡು ಒಂದೇ ಬೇಸಿಗೆಯಾಗುತ್ತವೆ, ಅದರಲ್ಲಿ ಭಯದ ದಿನಗಳು ಇರುವುದಿಲ್ಲ. ಮಗುವಿನ ಮುಂದೆ ನಾವು ಇಡುವುದು ಆ ಒಂದು ಬೇಸಿಗೆಯನ್ನು. ಮೂರು ವರ್ಷದಲ್ಲಿ ಕೂಡಿಬಂದ ಧೈರ್ಯವನ್ನು ಮಗು ಎರಡು ವಾರದಲ್ಲಿ ತೋರಿಸಬೇಕಾಗುತ್ತದೆ.

ನಾಸ್ಟಾಲ್ಜಿಯಾ ಎಂಬ ಪದದ ಕಥೆಯನ್ನು ಅವರಿಗೆ ಹೇಳಿದೆ. 1688ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಯೊಹಾನೆಸ್ ಹೋಫರ್, ಮನೆಗೆ ಮರಳುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದನ್ನು ಕಟ್ಟಿದ. ಅವನು ಹೆಸರಿಟ್ಟದ್ದು ಮನೆಯಿಂದ ದೂರವಾದವರ ಹಂಬಲಕ್ಕೆ. ಕಳೆದುಹೋದ ಕಾಲದ ಹಂಬಲ ಎಂಬ ಅರ್ಥ ಅದಕ್ಕೆ ಆಮೇಲೆ ಬಂತು. ಶಿಬಿರದ ಮಂಚದ ಮೇಲೆ ಮಗುವೊಂದು ಮನೆಗಾಗಿ ಪಡುವ ಸಂಕಟಕ್ಕೂ, ಮನೆಯಲ್ಲಿ ಕೂತು ತಂದೆ ಶಿಬಿರಕ್ಕಾಗಿ ಪಡುವ ಸಂಕಟಕ್ಕೂ ಹೆಸರು ಒಂದೇ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ಹೋಗಬೇಕಾಗಿರುವುದು ನಾನು," ಎಂದರು.

ನಾನು ಕೊಟ್ಟ ಸಲಹೆ ಅಲ್ಲಿಂದಲೇ ಶುರುವಾಯಿತು. ಹಳೆಯ ಜೊತೆಗಾರರನ್ನು ಸೇರಿಸಿಕೊಂಡು ನೀವೇ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ನಿಮ್ಮ ಹಂಬಲವನ್ನು ಮಗಳ ಚೀಲದಲ್ಲಿ ತುಂಬಿ ಕಳುಹಿಸಬೇಡಿ ಎಂದೆ. ಟವೆಲ್ ಕಾಯುತ್ತಿದ್ದ ಹುಡುಗನ ಕಥೆಯನ್ನು ಅವಳಿಗೆ ಹೇಳಿ, ಅದರ ಕೊನೆಗೆ ನೀತಿ ಸೇರಿಸಬೇಡಿ ಎಂದೆ. ಹೋಗುವುದೋ ಬಿಡುವುದೋ, ಹೋದರೆ ಎಲ್ಲಿಗೆ, ಎಷ್ಟು ದಿನ ಎಂಬುದರಲ್ಲಿ ಅವಳ ಮಾತು ನಡೆಯಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಮನೆಯ ಹಂಬಲದ ಬಗ್ಗೆ ಪ್ರಕಟಿಸಿದ ವರದಿಯೂ ಮಗುವನ್ನು ನಿರ್ಧಾರದಲ್ಲಿ ಸೇರಿಸಿಕೊಳ್ಳಿ, ಮೊದಲು ಒಂದೆರಡು ರಾತ್ರಿ ಹೊರಗೆ ಉಳಿದು ಅಭ್ಯಾಸವಾಗಲಿ ಎನ್ನುತ್ತದೆ. ಬೇಸರವಾದ ಕೂಡಲೇ ಬಂದು ಕರೆದೊಯ್ಯುತ್ತೇವೆ ಎಂಬ ಮಾತು ಕೊಡುವುದು ಬೇಡ ಎಂದೂ ಹೇಳುತ್ತದೆ. ಅದು ನಿನ್ನಿಂದಾಗದು ಎಂದಂತೆ ಮಗುವಿಗೆ ಕೇಳಿಸುತ್ತದೆ. ಬದಲಿಗೆ, ಬೇಸರವಾದರೆ ಅಲ್ಲಿ ಯಾರ ಬಳಿ ಹೇಳಬಹುದು ಎಂಬುದನ್ನು ಹೊರಡುವ ಮೊದಲೇ ತಿಳಿಸಿಕೊಡಿ.

ಇನ್ನೊಂದನ್ನು ಒತ್ತಿ ಹೇಳಿದೆ. ನಿಮಗೆ ಗೊತ್ತಿರುವುದು ಮೂವತ್ತು ವರ್ಷದ ಹಿಂದಿನ ಶಿಬಿರ. ಈಗಿನದನ್ನು ಅಪರಿಚಿತರಂತೆ ವಿಚಾರಿಸಿ. ಎಷ್ಟು ಮಕ್ಕಳಿಗೆ ಒಬ್ಬ ಸಿಬ್ಬಂದಿ (ರಾತ್ರಿ ಉಳಿಯುವ ಶಿಬಿರಗಳಲ್ಲಿ 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬರಾದರೂ ಇರಬೇಕೆಂಬುದು ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಮಾನದಂಡ), ಅವರ ಪೂರ್ವಾಪರ ಯಾರು ಪರಿಶೀಲಿಸಿದ್ದಾರೆ, ನೀರಿನ ಬಳಿ ಜೀವರಕ್ಷಕರು ಇರುತ್ತಾರೆಯೇ, ದೊಡ್ಡವರೊಬ್ಬರು ಮಗುವಿನೊಂದಿಗೆ ಮರೆಯಲ್ಲಿ ಒಂಟಿಯಾಗಿ ಇರಬಾರದೆಂಬ ನಿಯಮ ಪಾಲನೆಯಾಗುತ್ತದೆಯೇ.

ಕರೆತರಲು ಹೋದಾಗ ಮೊದಲು ಚೀಲ ತೆಗೆದುಕೊಳ್ಳಿ, ಪ್ರಶ್ನೆ ಆಮೇಲೆ ಎಂದೂ ಹೇಳಿದೆ.

ಟವೆಲ್‌ನ ಕಥೆಯನ್ನು ತಂದೆ ಒಂದು ರಾತ್ರಿ ಮಲಗುವ ಮುನ್ನ ಹೇಳಿದರಂತೆ. ಹುಡುಗಿ ಆಗ ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು, ಹಲ್ಲುಜ್ಜುತ್ತಿದ್ದ ತಂದೆಯ ಹಿಂದೆ ನಿಂತು, ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ, "ನಾನೂ ಹಾರಲಿಲ್ಲ," ಎಂದಳು. ಆ ಮಾತು ಕೇಳಿ ತಂದೆ ಅತ್ತರು ಎಂದು ತಾಯಿ ತಿಳಿಸಿದರು. ಹೊಟ್ಟೆನೋವು ಆ ವಾರವೇ ಹೋಗಲಿಲ್ಲ. ಮತ್ತೆರಡು ಸಲ ಬಂತು, ಆಮೇಲೆ ನಿಂತಿತು.

ಆ ಬೇಸಿಗೆ ಅವಳು ಅಪ್ಪನ ಶಿಬಿರಕ್ಕೆ ಹೋಗಲಿಲ್ಲ. ಮಣ್ಣಿನ ಪಾತ್ರೆ ಮಾಡುವುದನ್ನು ಕಲಿಸುವ ನಾಲ್ಕು ದಿನದ ಶಿಬಿರವೊಂದನ್ನು ತಾನೇ ಆರಿಸಿಕೊಂಡಳು. ಕರೆತರುವ ದಿನ ತಂದೆ ಚೀಲ ತೆಗೆದುಕೊಂಡು ಸುಮ್ಮನೆ ನಡೆದರಂತೆ. ಅರ್ಧ ದಾರಿಯಲ್ಲಿ ಅವಳು ಕಾಗದದಲ್ಲಿ ಸುತ್ತಿದ್ದ ಬಟ್ಟಲನ್ನು ಬಿಚ್ಚಿದಳು. ಒಲೆಯಲ್ಲಿ ಸುಡುವಾಗ ಅದರ ಅಂಚು ಸೀಳಿತ್ತು. ಅದು ಹೇಗೆ ಸೀಳಿತು ಎಂದು ಅವಳೇ ಹೇಳತೊಡಗಿದಳು, ಮನೆ ತಲುಪಿದರೂ ಆ ಕಥೆ ಮುಗಿದಿರಲಿಲ್ಲ.