ಹೊಸ ವಿಂಡೋಸ್: ಸುದ್ದಿ ಎಷ್ಟು, ಸದ್ದು ಎಷ್ಟು?

ವಿಂಡೋಸ್ 11ರ ಬಗ್ಗೆ ಬರುವ ಸುದ್ದಿ, ರಿವ್ಯೂ, ವಿಡಿಯೊಗಳನ್ನು ಎಷ್ಟು ನಂಬಬಹುದು ಎಂದು ಕೇಳಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು.

ಪ್ರಶ್ನೆ: ಒಂದು ಚಾನೆಲ್‌ನವರು ವಿಂಡೋಸ್ 11 ಹಾಕಿದರೆ ಗೇಮ್ ನಿಧಾನ ಅಂತಾರೆ. ಇನ್ನೊಬ್ಬರು 10ಕ್ಕಿಂತ ವೇಗ ಅಂತಾರೆ. ಇಬ್ಬರ ಹತ್ತಿರವೂ ಗ್ರಾಫ್ ಉಂಟು. ಯಾರದ್ದು ಸುಳ್ಳು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇಬ್ಬರದ್ದೂ ನಿಜ ಇರಬಹುದು. ಯಾವ ಕಂಪ್ಯೂಟರ್, ವಿಂಡೋಸ್ ಅನ್ನು ಹೇಗೆ ಹಾಕಿದ್ದು ಎಂಬುದನ್ನು ಹೇಳದೆ ಬಿಟ್ಟಿರುತ್ತಾರೆ. ಸುಳ್ಳು ಬರೆಯುವವರು ಕಡಿಮೆ, ಹೀಗೆ ಬಿಟ್ಟು ಬರೆಯುವವರೇ ಜಾಸ್ತಿ.

ವಿಂಡೋಸ್ 11 ಹೊಸ ಲ್ಯಾಪ್‌ಟಾಪ್‌ನಲ್ಲೇ ಬಂದಿದ್ದರೆ ಅಥವಾ ಖಾಲಿ ಡಿಸ್ಕಿಗೆ ಹಾಕಿದ್ದರೆ, ವಿಂಡೋಸ್‌ನ ಒಳತಿರುಳಿಗೆ ಕೆಟ್ಟ ಕೋಡ್ ನುಸುಳದಂತೆ ತಡೆಯುವ ‘ಮೆಮೊರಿ ಇಂಟೆಗ್ರಿಟಿ’ ಎಂಬ ರಕ್ಷಣೆ ಸಾಮಾನ್ಯವಾಗಿ ಆನ್ ಇರುತ್ತದೆ. 10ರಿಂದ ಅಪ್‌ಗ್ರೇಡ್ ಮಾಡಿದ್ದರೆ ಮೊದಲು ಹೇಗಿತ್ತೋ ಹಾಗೆ, ಅಂದರೆ ಹೆಚ್ಚಾಗಿ ಆಫ್. ಆನ್ ಇದ್ದಾಗ ಗೇಮ್‌ಗಳ ಫ್ರೇಮ್ ಸ್ವಲ್ಪ ಇಳಿಯುತ್ತದೆ. ಎಷ್ಟು ಎಂಬುದು ಪ್ರೊಸೆಸರ್ ಮೇಲೆ ಹೋಗುತ್ತದೆ. ಈ ರಕ್ಷಣೆಗೆ ಬೇಕಾದ ನೆರವು ಇಂಟೆಲ್‌ನಲ್ಲಿ 7ನೇ ಪೀಳಿಗೆಯಿಂದ, ಎಎಂಡಿಯಲ್ಲಿ ಝೆನ್ 2 ಪೀಳಿಗೆಯಿಂದ ಚಿಪ್‌ನೊಳಗೇ ಉಂಟು. ಅದಕ್ಕೂ ಹಿಂದಿನ ಎಎಂಡಿ ರೈಜನ್ 2600ರಂಥದ್ದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿದ್ದರೂ ಆ ನೆರವು ಇಲ್ಲದ ಚಿಪ್, ಅದಕ್ಕೆ ಹೊಡೆತ ಜೋರು. ನಿಮ್ಮದರಲ್ಲಿ ನೋಡಲು ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್‌ಗೆ ಹೋಗಿ. ಗೇಮ್‌ಗೋಸ್ಕರ ಅದನ್ನು ಆಫ್ ಮಾಡುವುದು ನಿಮ್ಮಿಷ್ಟ. ಕ್ರ್ಯಾಕ್ ಮಾಡಿದ ಗೇಮ್ ಹಾಕುವವರಂತೂ ಮುಟ್ಟದಿರುವುದು ಒಳ್ಳೆಯದು.

ಗ್ರಾಫಿನ ತಾರೀಕನ್ನೂ ನೋಡಿ. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಮೊದಲ ವಾರಗಳಲ್ಲಿ ರೈಜನ್ ಚಿಪ್‌ಗಳ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ನಿಧಾನವಾಗುವ ದೋಷ ನಿಜವಾಗಿಯೂ ಇತ್ತು, ಅದೇ ತಿಂಗಳು ಸರಿಯಾಯಿತು. ಆ ಹದಿನೈದು ದಿನಗಳಲ್ಲಿ ಮಾಡಿದ ಪರೀಕ್ಷೆಯನ್ನೇ ಆಧಾರ ಮಾಡಿಕೊಂಡ ವಿಡಿಯೊಗಳು ಈಗಲೂ ಓಡುತ್ತವೆ. ರನ್ ಪೆಟ್ಟಿಗೆಯಲ್ಲಿ (ವಿಂಡೋಸ್ ಕೀ ಜೊತೆ R) winver ಎಂದು ಕೊಟ್ಟರೆ ಬಿಲ್ಡ್ ಸಂಖ್ಯೆ ಸಿಗುತ್ತದೆ: ಮೊದಲ ಆವೃತ್ತಿ 22000, 24ಎಚ್2 ಆದರೆ 26100, 25ಎಚ್2 ಆದರೆ 26200. ಬಿಲ್ಡ್ ಸಂಖ್ಯೆ ಹೇಳದ ಗ್ರಾಫನ್ನು ಚಂದ ನೋಡಿ ಬಿಟ್ಟುಬಿಡಿ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್‌ನಿಂದ ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ ಎಂದು ಓದಿ ನಾನು ಅಪ್‌ಡೇಟನ್ನೇ ನಿಲ್ಲಿಸಿದ್ದೇನೆ. ಸರಿಯಾ?
– ಲೆಕ್ಕಪತ್ರ ಕಚೇರಿ, ಹಂಪನಕಟ್ಟೆ

ಉತ್ತರ: ನೀವು ಓದಿದ್ದು 2025ರ ಆಗಸ್ಟ್ ಅಪ್‌ಡೇಟ್, ಕೆಬಿ5063878ರ ಬಗ್ಗೆ ಇರಬೇಕು. ದೊಡ್ಡ ಫೈಲ್ ಕಾಪಿ ಮಾಡುವಾಗ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿನ ಚಿಪ್ ಡ್ರೈವ್) ಮಾಯವಾಗುತ್ತದೆ ಎಂದು ಸಾಮಾಜಿಕ ಜಾಲತಾಣದಲ್ಲಿ ಬಂದ ದೂರು ಕೆಲವೇ ದಿನಗಳಲ್ಲಿ ತಲೆಬರಹವಾಯಿತು. ಎಸ್‌ಎಸ್‌ಡಿಗಳ ಕಂಟ್ರೋಲರ್ ಚಿಪ್ ಮಾಡುವ ಫಿಸನ್ ಕಂಪನಿ 4,500 ಗಂಟೆಗೂ ಮಿಕ್ಕಿ, 2,200ಕ್ಕೂ ಹೆಚ್ಚು ಸುತ್ತು ಪರೀಕ್ಷಿಸಿದರೂ ಆ ದೋಷ ಮರುಕಳಿಸಲಿಲ್ಲ ಎಂದಿತು. ಅಪ್‌ಡೇಟಿಗೂ ಇದಕ್ಕೂ ಸಂಬಂಧ ಸಿಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಈ ಎರಡನೆಯ ಸುದ್ದಿ ಎಲ್ಲೋ ಮೂಲೆಯಲ್ಲಿ ಬಂತು.

ಹಾಗಂತ ಎಸ್‌ಎಸ್‌ಡಿ ಸುದ್ದಿಯೆಲ್ಲ ಗಾಳಿಸುದ್ದಿಯೂ ಅಲ್ಲ. 2024ರ ಅಕ್ಟೋಬರಿನಲ್ಲಿ 24ಎಚ್2 ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್770, ಎಸ್‌ಎನ್580 ಮಾದರಿಗಳ 2 ಟಿಬಿ ಡ್ರೈವ್‌ಗಳಲ್ಲಿ ನೀಲಿ ಪರದೆ ಬಂದದ್ದು ಹೌದು. ಈ ಡ್ರೈವ್‌ಗಳು ತಮ್ಮ ಕೆಲಸಕ್ಕೆ ಕಂಪ್ಯೂಟರಿನ ರ್‍ಯಾಮ್‌ನಿಂದ ಸ್ವಲ್ಪ ಜಾಗ ಎರವಲು ಪಡೆಯುತ್ತವೆ. ಹಿಂದೆ 64 ಎಂಬಿ ಸಿಗುತ್ತಿದ್ದಲ್ಲಿ ಹೊಸ ವಿಂಡೋಸ್ 200 ಎಂಬಿ ಕೊಟ್ಟಿತು, ಡ್ರೈವ್‌ನ ಫರ್ಮ್‌ವೇರ್ (ಡ್ರೈವ್‌ನೊಳಗಿನ ತಂತ್ರಾಂಶ) ಅದನ್ನು ತಾಳಲಿಲ್ಲ. ಫರ್ಮ್‌ವೇರ್ ಬದಲಿಸಿದ ಮೇಲೆ ಸರಿಯಾಯಿತು. ಅದೇ ತಿಂಗಳು ‘ಅಳಿಸಲಾಗದ 8.63 ಜಿಬಿ ಕಸ’ ಎಂದು ಗದ್ದಲವಾದದ್ದು ಮಾತ್ರ ಡಿಸ್ಕ್ ಕ್ಲೀನಪ್ ತಪ್ಪು ಲೆಕ್ಕ ತೋರಿಸಿದ್ದು, ಅಷ್ಟೇ.

ಹೀಗೆ ಭಯವಾದಾಗ ಮೈಕ್ರೋಸಾಫ್ಟ್‌ನ ‘ವಿಂಡೋಸ್ ರಿಲೀಸ್ ಹೆಲ್ತ್’ ಪುಟ ತೆರೆದು ನಿಮ್ಮ ಆವೃತ್ತಿಯ ‘ನೋನ್ ಇಶ್ಯೂಸ್’ ಓದಿ. ಅದು ಕಂಪನಿಯದೇ ಪುಟ, ಒಪ್ಪಿಕೊಳ್ಳಲು ತಡವಾಗುವುದುಂಟು. ಆದ್ದರಿಂದ ಅಪ್‌ಡೇಟನ್ನು ಒಂದೆರಡು ವಾರ ‘ಪಾಸ್’ (Pause) ಮಾಡುವುದರಲ್ಲಿ, ಅಂದರೆ ತಡೆದಿಡುವುದರಲ್ಲಿ, ತಪ್ಪಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಐದು ವಾರದವರೆಗೆ ಅವಕಾಶ ಉಂಟು. ಆದರೆ ಗಿರಾಕಿಗಳ ಪ್ಯಾನ್, ಜಿಎಸ್‌ಟಿ ವಿವರ ಇಟ್ಟುಕೊಂಡ ಕಚೇರಿ ತಿಂಗಳುಗಟ್ಟಲೆ ಹಾಗೇ ಬಿಡಬಾರದು. ಡೇಟಾವನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಇವತ್ತೇ ಅಪ್‌ಡೇಟ್ ಶುರುಮಾಡಿ. ಮಳೆ, ಗುಡುಗು ಇರುವ ದಿನ ಯುಪಿಎಸ್ ಇಲ್ಲದೆ ಬೇಡ. ನಡುವೆ ಕರೆಂಟ್ ಹೋಗಿ ಕೆಡುವ ಕಂಪ್ಯೂಟರಿನ ದೂರೂ ಕೊನೆಗೆ ಅಪ್‌ಡೇಟಿನ ತಲೆಗೇ ಬರುತ್ತದೆ.

ಪ್ರಶ್ನೆ: ‘ವಿಂಡೋಸ್ 10 ಬಂದ್’ ಎಂದು ಪೇಪರಿನಲ್ಲಿ ಬಂದಿತ್ತು. ಅಂಗಡಿಯವರೂ ನಿಮ್ಮದು ಹಳತು, ಹೊಸತು ತಗೊಳ್ಳಿ ಎಂದರು. ನನ್ನದು ಐ5-8400, 8 ಜಿಬಿ ರ್‍ಯಾಮ್. ಟಿಪಿಎಂ ಇಲ್ಲ ಎಂದು ತೋರಿಸುತ್ತದೆ.
– ನಿವೃತ್ತ ಶಿಕ್ಷಕರು, ಕಾಪು

ಉತ್ತರ: ಬಂದ್ ಆದದ್ದು ಉಚಿತ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ. ಕಂಪ್ಯೂಟರ್ ಎಂದಿನಂತೆ ಓಡುತ್ತದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ‘ಇಎಸ್‌ಯು’ ಯೋಜನೆ ಉಂಟು. ವಿಂಡೋಸ್ 10ರ 22ಎಚ್2 ಆವೃತ್ತಿ, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಒತ್ತಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ, ಇಲ್ಲವಾದರೆ 30 ಡಾಲರ್‌ಗೆ ಸಮನಾದ ಮೊತ್ತ. ತಲೆಬರಹ ಬರೆದವರು ಈ ಸಾಲನ್ನೂ ಸೇರಿಸಬಹುದಿತ್ತು.

ನಿಮ್ಮದಕ್ಕೆ ಅದೂ ಬೇಕಾಗಲಿಕ್ಕಿಲ್ಲ. ಐ5-8400 ಎಂದರೆ 8ನೇ ಪೀಳಿಗೆ, ವಿಂಡೋಸ್ 11ರ ಪಟ್ಟಿಯಲ್ಲಿದೆ. ಟಿಪಿಎಂ ಎಂಬ, ವಿಂಡೋಸ್ 11 ಕೇಳುವ ಭದ್ರತಾ ಭಾಗ ಚಿಪ್‌ನೊಳಗೇ ಇದ್ದು, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಆಫ್ ಆಗಿರುವ ಸಾಧ್ಯತೆಯೇ ಹೆಚ್ಚು. ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಉಂಟೇ ನೋಡಿ. ಇದ್ದರೆ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು, ಬಿಟ್‌ಲಾಕರ್ ‘ಸಸ್ಪೆಂಡ್’ ಮಾಡಿ. ಇದನ್ನು ಮರೆತವರು ಬಯಾಸ್ ಮುಟ್ಟಿದ ಮೇಲೆ ಆ ಕೀ ಕೇಳುವ ನೀಲಿ ಪರದೆಯೆದುರು ಕೂರಬೇಕಾಗುತ್ತದೆ. ನಂತರ ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ ‘ಇಂಟೆಲ್ ಪಿಟಿಟಿ’ ಆನ್ ಮಾಡಿ.

ಇನ್ನೊಂದು ತೊಡಕು: ರನ್ ಪೆಟ್ಟಿಗೆಯಲ್ಲಿ msinfo32 ಎಂದು ಕೊಟ್ಟಾಗ ‘ಬಯಾಸ್ ಮೋಡ್: ಲೆಗಸಿ’ ಎಂದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯದ್ದು. ಅದನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುವ ಎಂಬಿಆರ್2ಜಿಪಿಟಿ (mbr2gpt) ಎಂಬ ಉಪಕರಣ ವಿಂಡೋಸ್‌ನಲ್ಲೇ ಉಂಟು. ‘ವ್ಯಾಲಿಡೇಟ್’ ಪರೀಕ್ಷೆ ಪಾಸಾದರೆ ಮಾತ್ರ ‘ಕನ್ವರ್ಟ್’, ಆಮೇಲೆ ಬಯಾಸ್‌ನಲ್ಲಿ ಲೆಗಸಿ ಬದಲು ಯುಇಎಫ್‌ಐ ಆರಿಸಿ. ಬ್ಯಾಕಪ್ ಇಲ್ಲದೆ ಈ ಹೆಜ್ಜೆ ಬೇಡವೇ ಬೇಡ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಕಂಪ್ಯೂಟರಿನ ಬದಲು ಒಂದು ಎಸ್‌ಎಸ್‌ಡಿ ತಗೊಳ್ಳಿ. 11 ಹಿಡಿಸದಿದ್ದರೆ ಹತ್ತು ದಿನದೊಳಗೆ ರಿಕವರಿ ಪುಟದ ‘ಗೋ ಬ್ಯಾಕ್’ನಿಂದ ಹಿಂದಿರುಗಬಹುದು, ಅಷ್ಟರಲ್ಲಿ ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಬೇಡಿ.

ಪ್ರಶ್ನೆ: ರಿವ್ಯೂ ಮಾಡುವವರಿಗೆ ಕಂಪನಿಯೇ ಲ್ಯಾಪ್‌ಟಾಪ್ ಕೊಡುತ್ತದಂತೆ. ಹೌದಾ?
– ಓದುಗರು, ಕುಂದಾಪುರ

ಉತ್ತರ: ಪರೀಕ್ಷೆಗೆ ಕೊಟ್ಟು ವಾಪಸ್ ಪಡೆಯುವುದು ಮಾಮೂಲು. 2006ರ ಡಿಸೆಂಬರಿನಲ್ಲಿ ವಿಸ್ಟಾ ಬರುವ ಮುನ್ನ ಬ್ಲಾಗ್ ಬರೆಯುವವರಿಗೆ ಮೈಕ್ರೋಸಾಫ್ಟ್ ಏಸರ್ ಫೆರಾರಿ ಲ್ಯಾಪ್‌ಟಾಪ್‌ಗಳನ್ನು ಕಳುಹಿಸಿ ವಿವಾದವಾಗಿತ್ತು. ನಮ್ಮ ದೇಶದಲ್ಲಿ ಜಾಹೀರಾತಿನ ಬಗ್ಗೆ ಕೇಂದ್ರ ಸರ್ಕಾರದ 2022ರ ಜೂನ್ ಮಾರ್ಗಸೂಚಿ ಮತ್ತು 2023ರ ಜನವರಿಯ ವಿವರಣೆಯ ಪ್ರಕಾರ ಹಣ ಮಾತ್ರವಲ್ಲ, ಉಚಿತ ವಸ್ತು ಪಡೆದು ಪ್ರಚಾರ ಮಾಡಿದರೂ ವಿಡಿಯೊದ ಮೇಲೆಯೇ, ವಿಡಿಯೊದ ಭಾಷೆಯಲ್ಲೇ ಹೇಳಬೇಕು. ಜನರನ್ನು ದಾರಿ ತಪ್ಪಿಸಿದರೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ. ದೂರಿಗೆ ಗ್ರಾಹಕ ಸಹಾಯವಾಣಿ 1915.

ಪ್ರಶ್ನೆ: ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡುವ ನಮಗೆ ಬೇಕಾದ ವಿಷಯ ಯಾವ ರಿವ್ಯೂನಲ್ಲೂ ಇಲ್ಲ. ನುಡಿ, ಪೇಜ್‌ಮೇಕರ್ ಎಲ್ಲ ಓಡುತ್ತದಾ?
– ಡಿಟಿಪಿ ಅಂಗಡಿ, ಕಾರ್ಕಳ

ಉತ್ತರ: ಆ ರಿವ್ಯೂಗಳನ್ನು ಬರೆಯುವವರು ಒಂದು ಒತ್ತಕ್ಷರ ಹೊಡೆದೂ ನೋಡಿರುವುದಿಲ್ಲ. ಅವರ ‘ಎಲ್ಲರಿಗೂ ಸೂಕ್ತ’ ಎಂಬ ಮಾತಿನಲ್ಲಿ ನಿಮ್ಮ ಅಂಗಡಿ ಸೇರಿಲ್ಲ.

ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಈಗ ನಿಮ್ಮದು 32 ಬಿಟ್‌ನ 10 ಆಗಿದ್ದರೆ ಅಪ್‌ಗ್ರೇಡ್ ಆಗದು, ಹೊಸದಾಗಿಯೇ ಹಾಕಬೇಕು. 32 ಬಿಟ್‌ನ ಪ್ರೋಗ್ರಾಂ ಓಡಬಹುದು, 32 ಬಿಟ್‌ನ ಪ್ರಿಂಟರ್ ಡ್ರೈವರ್ ಓಡುವುದೇ ಇಲ್ಲ. ಹಾಗಾಗಿ ಹಳೆಯ ಪ್ರಿಂಟರಿಗೆ 64 ಬಿಟ್ ಡ್ರೈವರ್ ಉಂಟೋ ಎಂದು ಮೊದಲು ಹುಡುಕಿ. ಪೇಜ್‌ಮೇಕರ್ 7 ಎಂದರೆ 2001ರ ಸರಕು, ಓಡಿದರೆ ನಿಮ್ಮ ಪುಣ್ಯ.

ಹಳೆಯ ನುಡಿ ಫೈಲುಗಳಲ್ಲಿ ಇರುವುದು ಆಸ್ಕಿ ಸಂಕೇತ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡ ಆಕಾರ ಕೂರಿಸಿದ್ದು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅಕ್ಷರಗಳ ಬದಲು ಕಸಕಡ್ಡಿ ಕಾಣುತ್ತದೆ. ಡಿಸ್ಕ್ ಅಳಿಸುವ ಮುನ್ನ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಎಲ್ಲವನ್ನೂ ಪೆನ್‌ಡ್ರೈವ್‌ಗೆ ತೆಗೆದಿಡಿ. ವಾಪಸ್ ಹಾಕುವಾಗ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆಯ್ಕೆ ಮಾಡಿ. ಬರೀ ‘ಇನ್‌ಸ್ಟಾಲ್’ ಒತ್ತಿದರೆ ಒಬ್ಬ ಬಳಕೆದಾರನ ಖಾತೆಯೊಳಗೆ ಕೂರುತ್ತದೆ, ಕೆಲವು ಹಳೆಯ ಪ್ರೋಗ್ರಾಂಗಳಿಗೆ ಕಾಣುವುದಿಲ್ಲ. ತುಂಗಾ ಫಾಂಟ್ ಕಾಣದಿದ್ದರೆ ‘ಆಪ್ಶನಲ್ ಫೀಚರ್ಸ್’ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಕನ್ನಡ ಕೀಬೋರ್ಡಾಗಿ ವಿಂಡೋಸ್ ತಾನಾಗಿ ಕೊಡುವುದು ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ಕೀಬೋರ್ಡ್ ವಿನ್ಯಾಸ ಬೆರಳಿಗೆ ಕೂತವರು ನುಡಿಯನ್ನು ಮತ್ತೆ ಹಾಕಲೇಬೇಕು.

ಸೀಸನ್ ನಡುವೆ ಇದ್ಯಾವುದೂ ಬೇಡ. ಹಳೆಯ ಕಂಪ್ಯೂಟರಿನ ಇಂಟರ್‌ನೆಟ್ ತೆಗೆದು ಪೇಜ್‌ಮೇಕರ್‌ಗೆಂದೇ ಇಟ್ಟುಕೊಳ್ಳಿ, ಹೊಸ ಕೆಲಸವನ್ನು ಪ್ರತಿ ಲಿಪಿಗೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಶುರುಮಾಡಿ.

ಪ್ರಶ್ನೆ: ತುಳು ಲಿಪಿ ಕಂಪ್ಯೂಟರಿಗೆ ಬಂತು ಎಂಬ ಸುದ್ದಿ ಓದಿದೆ. ನಮ್ಮಲ್ಲಿ ಬರೇ ಚೌಕ ಕಾಣುತ್ತದೆ.
– ಓದುಗರು, ಮೂಡುಬಿದಿರೆ

ಉತ್ತರ: 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು ಲಿಪಿಗೆ (ಅಲ್ಲಿ ಅದರ ಹೆಸರು ತುಳು-ತಿಗಳಾರಿ) 80 ಸಂಕೇತ ಸಿಕ್ಕಿದ್ದು ನಿಜ. ಅದು ಮನೆಗೆ ಡೋರ್ ನಂಬರ್ ಸಿಕ್ಕಿದ ಹಾಗೆ. ಫಾಂಟ್, ಕೀಬೋರ್ಡ್, ಅಕ್ಷರ ಜೋಡಿಸುವ ವ್ಯವಸ್ಥೆ ಬೇರೆಯೇ ಬೇಕು. ಚೌಕ ಎಂದರೆ ನಿಮ್ಮಲ್ಲಿ ಫಾಂಟ್ ಇಲ್ಲ, ಕಂಪ್ಯೂಟರ್ ಕೆಟ್ಟದ್ದಲ್ಲ. ಕನ್ನಡ ಸಂಕೇತದ ಮೇಲೆ ತುಳು ಆಕಾರ ಕೂರಿಸಿದ ಫಾಂಟ್‌ನಲ್ಲಿ ಬೋರ್ಡ್, ಬ್ಯಾನರ್ ಮಾಡುವುದಾದರೆ ಪ್ರೆಸ್ಸಿಗೆ ಪಿಡಿಎಫ್ ಮಾಡಿಯೇ ಕೊಡಿ, ಇಲ್ಲವಾದರೆ ಅಲ್ಲಿ ಕನ್ನಡ ಅಕ್ಷರವಾಗಿ ಅಚ್ಚಾಗುತ್ತದೆ.