ಅಪ್ಪ ಕವಳವನ್ನು ಬಲದವಡೆಗೆ ಬದಲಿಸಿದ್ದಾರೆ

ಪ್ರಶ್ನೆ: ನಾನು ಶಿರಸಿ ತಾಲೂಕಿನವಳು, ಕೆಲಸ ಬೆಂಗಳೂರಿನಲ್ಲಿ. ಊರಿನ ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ. ಅಪ್ಪನಿಗೆ 66 ವರ್ಷ. ಇಪ್ಪತ್ತರ ಹರೆಯದಿಂದ ಕವಳ (ಎಲೆಯಡಿಕೆ) ಹಾಕುತ್ತಾರೆ, ತಂಬಾಕು ಸೇರಿಸಿಯೇ. ದಸರೆಯ ಹೊತ್ತಿಗೆ ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಈಗ ಅಡಿಕೆ ಕೊನೆಯ (ಗೊನೆಯ) ಕೊಯ್ಲು ಶುರುವಾದರೂ ಅದು ಮಾಯ್ದಿಲ್ಲ. ಖಾರ ತಗುಲಿದರೆ ಉರಿಯುತ್ತದೆಂದು ಅಪ್ಪೆಹುಳಿ ಬಿಟ್ಟಿದ್ದಾರೆ. ಕೇಳಿದರೆ, "ಯಂಗೆ ಎಂತದೂ ಆಯ್ದಿಲ್ಲೆ, ಮುರಿದ ಹಲ್ಲು ಚುಚ್ತು" ಎನ್ನುತ್ತಾರೆ. ಕತ್ತರಿ ಹಾಕಿದರೆ ಹರಡುತ್ತದೆ, ಪಕ್ಕದೂರಿನವರೊಬ್ಬರು ಹಾಗೇ ಹೋದರು ಎಂಬ ಹೆದರಿಕೆ ಬೇರೆ. ಕಳೆದ ವಾರ ಕವಳದ ಬಗ್ಗೆ ಫೋನಿನಲ್ಲೇ ಜಗಳವಾಯಿತು. "ಅಡಿಕೆ ಮಾರಿಯೇ ನಿನ್ನ ಓದ್ಸಿದ್ದು, ಈಗ ಅಡಿಕೆಗೇ ಬೈತ್ಯ?" ಎಂದರು. ಅಂದಿನಿಂದ ಫೋನಿಗೇ ಬರುತ್ತಿಲ್ಲ. ಈಗ ಕವಳವನ್ನು ಬಲದವಡೆಗೆ ಇಟ್ಟುಕೊಳ್ಳುತ್ತಿದ್ದಾರೆಂದು ಆಯಿ ಹೇಳಿದಳು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಸಂಗತಿಯನ್ನು ಎರಡು ಸಲ ಓದಿದೆ. ನಲವತ್ತು ವರ್ಷ ಎಡದವಡೆಯಲ್ಲಿ ಕವಳ ಇಟ್ಟುಕೊಂಡ ಮನುಷ್ಯ ಯಾರಿಗೂ ಹೇಳದೆ ಬಲಕ್ಕೆ ಬದಲಿಸಿದ್ದಾರೆ ಅಂದರೆ, ಅಲ್ಲೇನೋ ಆಗಿದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿದೆ. ನೀವು ಅದನ್ನು ಹಟ ಅಂದುಕೊಂಡಿದ್ದೀರಿ. ನನಗದು ಭಯದಂತೆ ಕಾಣುತ್ತದೆ. ಹೆದರಿದವರೊಡನೆ ವಾದ ಮಾಡಿ ಗೆದ್ದರೂ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮೊದಲು ವಿಷಯದ ತೂಕ ಹೇಳಿಬಿಡುತ್ತೇನೆ. ಉಷ್ಣಕ್ಕೆ ಆಗುವ ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ, ಒಂದೆಲಗದ ತಂಬುಳಿ ಉಂಡರೂ ಸರಿ, ಉಣ್ಣದಿದ್ದರೂ ಸರಿ. ಮೂರು ವಾರ ದಾಟಿದ ಹುಣ್ಣನ್ನು, ಅದರಲ್ಲೂ ತಂಬಾಕು ಹಾಕುವವರ ಬಾಯಿಯದನ್ನು, ತಜ್ಞರಿಗೆ ತೋರಿಸಲೇಬೇಕು. ನಿಮ್ಮ ಅಪ್ಪನದು ಎರಡು ತಿಂಗಳು ದಾಟಿದೆ. ನೋವಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ಹಾಗೆಂದು ಇದು ಕ್ಯಾನ್ಸರೇ ಎಂದು ನಾನು ಹೇಳಲಾರೆ, ನೋಡದೆ ಯಾರೂ ಹೇಳಲಾರರು. ಮುರಿದ ಹಲ್ಲು ಉಜ್ಜಿಯೂ ಹುಣ್ಣು ಉಳಿಯಬಹುದು. ಖಾರ ತಡೆಯಲಾಗದಿರುವುದು ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗುತ್ತಾ ಬಂದುದರ ಸೂಚನೆಯೂ ಆಗಿರಬಹುದು. ಹಾಗಾದವರ ಬಾಯಿ ಮೆಲ್ಲಮೆಲ್ಲನೆ ಕಿರಿದಾಗುತ್ತದೆ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಇಡಲು ಬರುತ್ತದೆಯೇ ಎಂದು ಅಪ್ಪನೇ ನೋಡಿಕೊಳ್ಳಬಹುದು.

ಈಗ ನನ್ನ ಮುಖ್ಯ ಮಾತು. ಹುಣ್ಣನ್ನೂ ಕವಳವನ್ನೂ ಬೇರೆ ಮಾಡಿ. ನೀವು ಒಂದೇ ಉಸಿರಿನಲ್ಲಿ ಎರಡು ಕೇಳುತ್ತಿದ್ದೀರಿ, ಡಾಕ್ಟರಿಗೆ ತೋರಿಸು ಮತ್ತು ಕವಳ ಬಿಡು. ಅಪ್ಪನ ಕಿವಿಗೆ ಬೀಳುವುದು ಎರಡನೆಯದು ಮಾತ್ರ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ತೋಟವೇ ಬದುಕಾದ ಮನೆಯಲ್ಲಿ, ಬಂದವರಿಗೆ ನೀರು ಬೆಲ್ಲ ಕೊಟ್ಟ ಮೇಲೆ ಕವಳದ ಬಟ್ಟಲು ಮುಂದಿಡುವ ಮನೆಯಲ್ಲಿ, ಆ ಮಾತು ಇಡೀ ಬಾಳಿಗೆ ಹಾಕಿದ ಛೀಮಾರಿಯಂತೆ ಕೇಳಿಸುತ್ತದೆ. ಕವಳ ಬಿಡುವುದು ಬೇಕು, ಖಂಡಿತ ಬೇಕು. ಆದರೆ ಈ ವಾರ ಅದನ್ನು ಎತ್ತಬೇಡಿ. ಈ ವಾರ ಕೇಳಬೇಕಾದ್ದು ಒಂದೇ, ಆ ಹುಣ್ಣನ್ನು ಒಬ್ಬರು ನೋಡಲಿ.

ದಾರಿಯನ್ನು ಅಪ್ಪನೇ ತೋರಿಸಿದ್ದಾರೆ. ಮುರಿದ ಹಲ್ಲು ಚುಚ್ಚುತ್ತದೆ ಅಂದರಲ್ಲ? ಹಾಗಾದರೆ ಹಲ್ಲಿನ ಡಾಕ್ಟರಿಗೆ ಹಲ್ಲು ತೋರಿಸುವುದು ಅವರದೇ ಮಾತಿನಂತೆ ನಡೆದ ಹಾಗೆ. ಇದರಲ್ಲಿ ಮೋಸವಿಲ್ಲ. ಹಲ್ಲಿನ ಡಾಕ್ಟರುಗಳೂ ಹೆಚ್ಚಾಗಿ ಇದನ್ನೇ ಮಾಡುತ್ತಾರೆ: ಚೂಪಾದ ಹಲ್ಲನ್ನು ಉಜ್ಜಿ ನುಣುಪು ಮಾಡುತ್ತಾರೆ ಅಥವಾ ಕೀಳುತ್ತಾರೆ, ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ, ಆಗಲೂ ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನೋಡಿದೊಡನೆ ಸಂಶಯ ಬಂದರೆ ಎರಡು ವಾರವೂ ಕಾಯುವುದಿಲ್ಲ. ಎಷ್ಟು ದಿನದಿಂದ ಇದೆ, ತಂಬಾಕು ಎಷ್ಟು ವರ್ಷದ್ದು ಎಂಬುದನ್ನು ಮಾತ್ರ ಡಾಕ್ಟರಿಗೆ ಮುಚ್ಚಿಡಬಾರದು. ಸುಮ್ಮನೆ ಪೇಟೆಗೆ ಹೋಗಿ ಬರೋಣ ಎಂದು ಹೊರಡಿಸಿ ಆಸ್ಪತ್ರೆಯೊಳಗೆ ಕೂರಿಸುವ ಉಪಾಯ ಬೇಡ. ಒಮ್ಮೆ ಹಾಗಾದರೆ ಮುಂದೆ ನಿಮ್ಮ ಜೊತೆ ಕಾರೇ ಹತ್ತುವುದಿಲ್ಲ.

ಕತ್ತರಿಯ ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಿ. ಜಾಗ ಮರಗಟ್ಟುವಂತೆ ಸೂಜಿಮದ್ದು ಕೊಟ್ಟು, ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ತೆಗೆಯುತ್ತಾರೆ. ಒಂದೆರಡು ಹೊಲಿಗೆ, ಅವತ್ತೇ ಮನೆಗೆ. ಹೀಗೆ ಚೂರು ತೆಗೆದುದರಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಹಾಗಾದರೆ ಆ ನಂಬಿಕೆ ಎಲ್ಲಿಂದ ಬಂತು? ನಮ್ಮ ಕಡೆ ಎಷ್ಟೋ ಮಂದಿ ಅನ್ನ ನುಂಗಲು ಆಗದೆ ಹೋದ ಮೇಲೆ, ಕುತ್ತಿಗೆಯಲ್ಲಿ ಗಂಟು ಬಂದ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ಕತ್ತರಿ ಹಾಕಿದ ನಾಲ್ಕಾರು ತಿಂಗಳಿಗೆ ತೀರಿಕೊಳ್ಳುತ್ತಾರೆ. ಊರವರಿಗೆ ನೆನಪಿರುವುದು ಕತ್ತರಿ ಮಾತ್ರ, ಅದಕ್ಕೆ ಮುಂಚಿನ ಒಂದು ವರ್ಷದ ಸುಮ್ಮನಿರುವಿಕೆಯಲ್ಲ. ಚಿಕ್ಕದಿದ್ದಾಗ ಸಿಕ್ಕಿದರೆ ಹೆಚ್ಚಿನವರು ಗುಣವಾಗುತ್ತಾರೆ. ಇದನ್ನು ಅಪ್ಪನಿಗೆ ಹೇಳುವಾಗ ಪಕ್ಕದೂರಿನವರ ಹೆಸರೆತ್ತಿ ಅವರದು ತಪ್ಪು ಅನ್ನಬೇಡಿ, ಅಪ್ಪನಿಗೆ ಅವರು ಗೆಳೆಯರಾಗಿದ್ದಿರಬಹುದು.

"ಕೊಯ್ಲು ಮುಗಿಯಲಿ" ಅನ್ನುವುದೂ ಬರುತ್ತದೆ. ಅದು ನೆಪವೂ ಹೌದು, ನಿಜವೂ ಹೌದು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬರುವ ದಿನ, ಸುಲಿಯುವವರು ಅಂಗಳದಲ್ಲಿ ಕೂತಿರುವ ದಿನ ಯಜಮಾನ ಮನೆಬಿಟ್ಟು ಹೋಗಲು ಒಪ್ಪುವುದಿಲ್ಲ. ನೀವು ರಜೆ ಹಾಕಿ ಹೋಗಿ. ದೊಡ್ಡಪ್ಪನ ಮಗನನ್ನೋ ಭಾವನನ್ನೋ ಒಂದು ಬೆಳಗ್ಗೆ ಅಂಗಳಕ್ಕೆ ನಿಲ್ಲಿಸಿ. ಬರೀ ಫೋನಿನಲ್ಲಿ ಇದು ಆಗುವ ಕೆಲಸವಲ್ಲ. ನಾನೂ ಅಪ್ಪನೊಡನೆ ಫೋನಿನಲ್ಲಿ ಕೂಗಾಡಿದವಳು. ಅದರ ಫಲವಾಗಿ ಆದದ್ದಿಷ್ಟೇ, ಅಪ್ಪ ನನ್ನ ಹತ್ತಿರ ಮೈ ಹುಷಾರಿಲ್ಲ ಅನ್ನುವುದನ್ನೇ ಬಿಟ್ಟರು. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಅಪ್ಪನ ಜೊತೆ ತಾಳಮದ್ದಲೆಗೆ ಹೋಗುವ, ಅವರ ಬಟ್ಟಲಿನಿಂದಲೇ ಕವಳ ಹಾಕುವ ಗೆಳೆಯರು ಯಾರಾದರೂ ಇದ್ದಾರೆಯೇ? ಅವರನ್ನು ಹಿಡಿಯಿರಿ. "ನಂದೂ ತೋರಿಸ್ತೆ, ನೀನೂ ಬಾ" ಎಂದು ಅವರೊಬ್ಬರು ಅಂದರೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು. ಅವರ ಬಾಯಿಯನ್ನೂ ಒಮ್ಮೆ ನೋಡಿಸಬೇಕಾದ್ದೇ. ಆಯಿಯನ್ನು ಮಾತ್ರ ನಡುವೆ ಸಿಕ್ಕಿಸಬೇಡಿ. ದಿನಾ ಒಂದೇ ಸೂರಿನಡಿ ಇರುವವರು ಅವರಿಬ್ಬರು. ಆಯಿ ಬೇಹು ಹೇಳುತ್ತಿದ್ದಾಳೆ ಎಂದು ಅಪ್ಪನಿಗೆ ಅನ್ನಿಸಿದರೆ ಅವರು ಹುಣ್ಣನ್ನು ಆಯಿಯಿಂದಲೂ ಮುಚ್ಚಿಡುತ್ತಾರೆ.

ಶಿರಸಿಯಲ್ಲೇ ಹಲ್ಲಿನ ಡಾಕ್ಟರಿದ್ದಾರೆ, ಸಾಕು, ಮೊದಲ ಹೆಜ್ಜೆಗೆ ಬೆಂಗಳೂರು ಬೇಡ. ಮುಂದಿನ ಪರೀಕ್ಷೆ ಬೇಕೆಂದರೆ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿ, ಅದರಾಚೆ ಧಾರವಾಡ ಇವೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಆದರೆ ನಿಗದಿತ ವೆಚ್ಚದ ಶೇ. 30 ಭಾಗ.

ಇಷ್ಟಾದರೂ ಅಪ್ಪ ಬರುವುದಿಲ್ಲ ಅನ್ನಬಹುದು. ಆಗ ಕ್ಯಾನ್ಸರ್ ಎಂಬ ಶಬ್ದವನ್ನು ನೀವೇ ಒಮ್ಮೆ, ಮೆಲ್ಲಗೆ, ಅವರ ಎದುರಿಗೆ ಕೂತು ಹೇಳಿ. "ಅಪ್ಪಾ, ನನಗೆ ಅದರ ಹೆದರಿಕೆ. ಅಲ್ಲ ಅಂತ ಯಾರಾದರೂ ಹೇಳಿದರೆ ನಿದ್ದೆ ಬರ್ತದೆ" ಅನ್ನಿ. ಅವರ ಮನಸ್ಸಿನಲ್ಲೂ ಅದೇ ಶಬ್ದ ಎರಡು ತಿಂಗಳಿಂದ ತಿರುಗುತ್ತಿರುತ್ತದೆ, ಹೊರಗೆ ಬಂದರೆ ಇಬ್ಬರಿಗೂ ಹಗುರ. ಆಣೆ ಹಾಕಿಸುವುದು, ಊಟ ಬಿಡುವುದು ಬೇಡ. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ನಡುವೆ ಕುತ್ತಿಗೆಯಲ್ಲಿ ಗಂಟು ಸಿಕ್ಕರೆ, ನಾಲಿಗೆ ಜೋಮು ಹಿಡಿದರೆ, ಹುಣ್ಣಿನಿಂದ ರಕ್ತ ಬಂದರೆ ಆ ನಾಲ್ಕು ದಿನವನ್ನೂ ಕಾಯಬೇಡಿ.

ಇವತ್ತು ರಾತ್ರಿ ಆಯಿಗೆ ಫೋನ್ ಮಾಡಿ. ಶುಕ್ರವಾರದ ಬಸ್ಸಿಗೆ ಬರುತ್ತೇನೆ, ಕೊಯ್ಲಿನ ಕೆಲಸಕ್ಕೆ ಒಂದು ಕೈ ಆಗುತ್ತದೆ ಎಂದು ಅಪ್ಪನಿಗೆ ಹೇಳಲು ಹೇಳಿ. ಮನೆ ಮುಟ್ಟಿದ ಮೇಲೆ, ಅಪ್ಪ ಸಂಜೆ ಜಗಲಿಗೆ ಬಂದು ಕೂತಾಗ, ಯಾವ ಹಲ್ಲು ಎಂದು ಕೇಳಿ.